ಹಲೀಮಾಳ ಬಲಗಿವಿ

ಕಾಪು
೯ ಜನವರಿ ೨೦೨೪

ಪ್ರೀತಿಯ ಕುಶಲಾ,

ಕಾಗದ ನೋಡಿ ಗಾಬರಿಯಾಗಬೇಡ. ಹೆದರುವ ಕೆಲಸವನ್ನು ಒಂದು ತಿಂಗಳಿಂದ ನಾನೊಬ್ಬಳೇ ಮಾಡುತ್ತಿದ್ದೇನೆ, ಇನ್ನು ಆಗುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಫೋನ್ ಇರುವಾಗ ಇವಳಿಗೆ ಕಾಗದ ಎಂತಕ್ಕೆ ಎಂದು ನೀನು ಕೇಳುತ್ತಿ. ಸ್ಪೀಕರ್ ಹಾಕದಿದ್ದರೆ ನನಗೆ ಕೇಳುವುದಿಲ್ಲ, ಹಾಕಿದರೆ ಮನೆಗೆಲ್ಲ ಕೇಳುತ್ತದೆ. ಮನೆಯಲ್ಲಿ ಸೊಸೆ ರಾಹಿಲಾ ಇದ್ದಾಳೆ. ಅವಳಿಗೆ ಈಗ ಐದು ತಿಂಗಳು. ಹೋದ ವರ್ಷ ಒಂದು ನಿಲ್ಲಲಿಲ್ಲವಲ್ಲ, ಈ ಸಲ ಅವಳಿಗೆ ಯಾವ ಕೆಟ್ಟ ಸುದ್ದಿಯೂ ತಲುಪಬಾರದು. ಅವಳಿಗೆ ಗೊತ್ತಾದರೆ ಸೌದಿಯ ದಮ್ಮಾಮಿನಲ್ಲಿರುವ ಮಗ ನೌಶಾದನಿಗೂ ಆಗಲೇ ಗೊತ್ತಾಗುತ್ತದೆ.

ತಂಗಿಯ ಮಗಳ ಮದುವೆಗೆ ನಾನು ಉಮ್ಮನ ಅಲಿಕತ್ತು ಹಾಕಿಕೊಂಡಿದ್ದೆನಲ್ಲ. ನಮ್ಮ ಕಾಲದ ಬ್ಯಾರಿ ಹುಡುಗಿಯರಿಗೆ ಕಿವಿಯ ಅಂಚಿನುದ್ದಕ್ಕೂ ತೂತು ಚುಚ್ಚಿಸಿ ಆ ಚಿನ್ನದ ರಿಂಗುಗಳನ್ನು ಸಾಲಾಗಿ ಹಾಕುತ್ತಿದ್ದರು. ಶಾಲೆಯಲ್ಲಿ ನೀನು ಅದನ್ನು ಎಣಿಸಿಯೇ ಲೆಕ್ಕ ಕಲಿತವಳು. ಮದುವೆ ಕಳೆದ ಮೇಲೆ ಬಲಗಿವಿಯ ಮೇಲಿನ ಒಂದು ತೂತಿನ ಹತ್ತಿರ ಹುಣ್ಣಾಯಿತು, ಒಣಗಲೇ ಇಲ್ಲ. ಚಿನ್ನದ ನಂಜು ಎಂದರು ಎಲ್ಲರೂ. ರಿಂಗು ಸರಿಮಾಡುವಾಗ ತಾಮ್ರ ಹೆಚ್ಚು ಬೆರೆಸಿದ್ದಾನೆಂದು ನಾನು ಅಕ್ಕಸಾಲಿಗನ ಅಂಗಡಿಗೆ ಹೋಗಿ ಜಗಳ ಮಾಡಿ ಬಂದೆ. ಆಮೇಲೆ ಎರಡು ವರ್ಷ ಅರಸಿನ, ತೆಂಗಿನೆಣ್ಣೆ, ಮೆಡಿಕಲಿನವರು ಕೊಟ್ಟ ಮುಲಾಮು. ತಲೆ ಮೇಲೆ ಯಾವಾಗಲೂ ಬಟ್ಟೆ ಇರುವವಳ ಕಿವಿಯನ್ನು ಯಾರು ನೋಡುತ್ತಾರೆ?

ಹೋದ ತಿಂಗಳು ದಿಂಬಿಗೆ ರಕ್ತ ಹತ್ತಿತು. ಮಗುವಿಗೆ ಬಟ್ಟೆ ತರುತ್ತೇನೆಂದು ಸುಳ್ಳು ಹೇಳಿ ಉಡುಪಿಯ ಚರ್ಮದ ಡಾಕ್ಟರಿಗೆ ತೋರಿಸಿದೆ. ಚೂರು ತೆಗೆದು ಪರೀಕ್ಷೆಗೆ ಕಳುಹಿಸಿದರು. ಚರ್ಮದ ಕ್ಯಾನ್ಸರ್ ಅಂತೆ, ಕುಶಲಾ. ಅಲ್ಲಿಂದ ಮಣಿಪಾಲಕ್ಕೆ ಕಳುಹಿಸಿದರು. ಅಲ್ಲಿ ಕಿವಿಯ ಮೇಲಿನ ಅರ್ಧವನ್ನು ಕತ್ತರಿಸಿ ತೆಗೆಯಬೇಕು, ಆಮೇಲೆ ಹೊಸತಾಗಿ ಕಟ್ಟಿಕೊಡುತ್ತೇವೆ ಎನ್ನುತ್ತಾರೆ. ಕಿವಿ ಕಟ್ಟುವುದಕ್ಕೆ ಅದೇನು ಕಾಂಪೌಂಡು ಗೋಡೆಯಾ? ಹದಿನೆಂಟಕ್ಕೆ ಬಂದು ಸೇರಲು ಹೇಳಿದ್ದಾರೆ.

ಈ ಕಾಗದವನ್ನು ಕಾರ್ಕಳ ಬಸ್ಸಿನ ಕಂಡಕ್ಟರ್ ಜಿತೇಂದ್ರನ ಕೈಲಿ ಕೊಡುತ್ತೇನೆ, ನಿನ್ನ ಟೈಲರಿಂಗ್ ಅಂಗಡಿಗೆ ಲೈನಿಂಗ್ ಬಟ್ಟೆ ತಂದುಕೊಡುವವನೇ. ಉತ್ತರವನ್ನೂ ಅವನಲ್ಲೇ ಕೊಡು. ನನಗೆ ತುಂಬಾ ಹೆದರಿಕೆಯಾಗುತ್ತಾ ಉಂಟು.

ನಿನ್ನ
ಹಲೀಮಾ

*

ಕಾರ್ಕಳ
೧೧ ಜನವರಿ ೨೦೨೪

ಹಲೀಮಾ,

ಜಿತೇಂದ್ರ ಕಾಗದ ಕೊಡುವಾಗ ಎದುರಿನಲ್ಲಿ ಮದುವೆ ಬ್ಲೌಸಿನವರು ಕೂತಿದ್ದರು. ಓದಿ ಅವರ ಮುಂದೆಯೇ ಅತ್ತುಬಿಟ್ಟೆ. ಬ್ಲೌಸು ಹಾಳಾಯಿತೆಂದು ತಿಳಿದು ಆ ಹುಡುಗಿಯ ಅಮ್ಮನೂ ಅಳುವ ಹಾಗಾದಳು.

ಎರಡು ವರ್ಷ ಅರಸಿನ ಹಚ್ಚಿದೆಯಲ್ಲ, ಅದೇನು ಬಂಗುಡೆ ಮೀನಾ ಮಾರಾಯ್ತಿ? ನಿನಗೆ ಬುದ್ಧಿ ಇಲ್ಲ, ಶಾಲೆಯಲ್ಲೂ ಇರಲಿಲ್ಲ. ನಾಲ್ಕು ಸಲ ನಾನು ನಿಮ್ಮ ಮನೆಗೆ ಬಂದು ಕೋಳಿರೊಟ್ಟಿ ತಿಂದು ಹೋದೆನಲ್ಲ, ಆಗಲಾದರೂ ಬಟ್ಟೆ ಸರಿಸಿ ತೋರಿಸಬಾರದಿತ್ತಾ? ಬೈಯುವುದು ಇಲ್ಲಿಗೆ ಮುಗಿಯಿತು. ಉಳಿದದ್ದು ನೀನು ಗುಣವಾದ ಮೇಲೆ.

ನಮ್ಮವರ ಅಣ್ಣನಿಗೆ ಮೂಗಿನ ಮೇಲೆ ಇಂಥದೇ ಆಗಿತ್ತು, ಬೇಗ ತೆಗೆಸಿದರು, ಈಗಲೂ ಆ ಮೂಗಿನಿಂದಲೇ ಊರಿನವರ ವಿಷಯ ಮೂಸುತ್ತಾ ಇದ್ದಾರೆ. ಚರ್ಮದ್ದು ಬೇಗ ತೆಗೆದರೆ ಹೋಗುತ್ತದೆ. ತಡಮಾಡಿದರೆ ಕುತ್ತಿಗೆಗೆ ಇಳಿಯುತ್ತದೆ. ಹೆದರುವುದಿದ್ದರೆ ಅದಕ್ಕೆ ಹೆದರು.

ಹದಿನೆಂಟಕ್ಕೆ ಬೆಳಿಗ್ಗೆ ಮಣಿಪಾಲದ ಟೈಗರ್ ಸರ್ಕಲಿನಲ್ಲಿ ಬಸ್ಸಿಳಿ. ನಾನು ಅಲ್ಲಿ ನಿಂತಿರುತ್ತೇನೆ. ರಾಹಿಲಾಳಿಗೆ ಕಾರ್ಕಳದಲ್ಲಿ ನನಗೆ ಮೈ ಸರಿಯಿಲ್ಲ, ನೋಡಿಕೊಳ್ಳಲು ಹೋಗುತ್ತೇನೆಂದು ಹೇಳು. ನನ್ನ ಮೈಗೆ ಏನಾದರೂ ಹೇಳು, ಪರವಾಗಿಲ್ಲ.

ಕುಶಲಾ

*

ಕಾಪು
೨೦ ಜನವರಿ ೨೦೨೪

ಕುಶಲಾ,

ನೀನು ಫೋನು ಮಾಡಿದಾಗೆಲ್ಲ ರಾಹಿಲಾ ಪಕ್ಕದಲ್ಲಿದ್ದಳು, ಅದಕ್ಕೆ ಎತ್ತಲಿಲ್ಲ. ಸುಳ್ಳು. ನಿನ್ನ ಬಾಯಿಗೆ ಹೆದರಿ ಎತ್ತಲಿಲ್ಲ.

ನಾನು ಹೊರಟಿದ್ದೆ. ಉಡುಪಿಯ ತನಕ ಬಂದೆ. ಮಣಿಪಾಲದ ಬಸ್ಸು ಎದುರಿಗೇ ನಿಂತಿತ್ತು, ಕಂಡಕ್ಟರ್ ಕೂಗುತ್ತಿದ್ದ, ಕಾಲೇಜಿನ ಮಕ್ಕಳೆಲ್ಲ ಹತ್ತಿದರು. ನನ್ನ ಕಾಲು ಏಳಲಿಲ್ಲ. ಒಂದು ಬಸ್ಸು ಹೋಯಿತು, ಇನ್ನೊಂದು ಬಂತು, ಅದೂ ಹೋಯಿತು. ಕೊನೆಗೆ ಕಾಪುವಿನ ಬಸ್ಸು ಹತ್ತಿ ಹಿಂದೆ ಬಂದೆ. ನೀನು ಅಲ್ಲಿ ಬಿಸಿಲಿಗೆ ಕಾಯುತ್ತಿದ್ದಿ ಎಂದು ಗೊತ್ತಿತ್ತು. ಗೊತ್ತಿದ್ದೂ ಬಂದೆ.

ಚೂರಿಗೆ ಮಾತ್ರ ಹೆದರಿದ್ದಲ್ಲ. ಮೊದಲ ಸಲ ಮಣಿಪಾಲಕ್ಕೆ ಹೋದಾಗ ಇಮೆಲ್ಡಾ ಎಂಬ ಸಿಸ್ಟರ್ ನನ್ನ ಹೆಸರು, ವಯಸ್ಸು ಬರೆದುಕೊಂಡರು. ಒಳ್ಳೆಯ ಹೆಂಗಸು. ಕತ್ತರಿಸಿದ ತುಂಡನ್ನು ಎಂತ ಮಾಡುತ್ತೀರಿ ಎಂದು ಅವರನ್ನು ಕೇಳಿದೆ. ಲ್ಯಾಬಿಗೆ ಹೋಗುತ್ತದೆ ಎಂದರು. ಆಮೇಲೆ? "ಆಮೇಲೆ ಆಸ್ಪತ್ರೆಯ ಬೇರೆ ಎಲ್ಲದರ ಒಟ್ಟಿಗೆ ಸುಡುತ್ತಾರೆ ಅಮ್ಮ" ಎಂದರು.

ನನ್ನ ಬಾಪ ಕುಂಞಿ ಮೊಹಮ್ಮದರ ಎರಡು ಬೆರಳು ಮರದ ಮಿಲ್ಲಿನಲ್ಲಿ ಹೋದದ್ದು ನಿನಗೆ ಗೊತ್ತುಂಟು. ಆ ಬೆರಳುಗಳನ್ನು ಮಿಲ್ಲಿನವರು ಬಾಳೆಲೆಯಲ್ಲಿ ಕಟ್ಟಿ ಮನೆಗೆ ಕಳುಹಿಸಿದ್ದರು. ಉಮ್ಮ ತೊಳೆದು, ಬಿಳಿ ಬಟ್ಟೆಯಲ್ಲಿ ಸುತ್ತಿದಳು. ಮಾವ ಪಳ್ಳಿಯ ಜಾಗಕ್ಕೆ ಒಯ್ದು ಹೂತು ಬಂದರು. ನಮ್ಮಲ್ಲಿ ಹಾಗೆ. ದೇಹದಿಂದ ಹೋದದ್ದೂ ದೇಹವೇ, ಮಣ್ಣಿಗೇ ಹೋಗಬೇಕು. ಬಾಪ ತೀರಿಕೊಂಡಾಗ ಅದೇ ಜಾಗದ ಹತ್ತಿರ ಮಲಗಿಸಿದರು. ನನ್ನ ಕಿವಿಯನ್ನು ಬೆಂಕಿಗೆ ಹಾಕಿಸಿ, ಆಮೇಲೆ ನನ್ನನ್ನು ಸೃಷ್ಟಿಸಿದವನ ಮುಂದೆ ಹೇಗೆ ನಿಲ್ಲಲಿ?

ಪಳ್ಳಿಯಲ್ಲಿ ಕೇಳು ಎಂದು ನೀನು ಹೇಳುತ್ತಿ. ಇವತ್ತು ಕೇಳಿದರೆ ಶುಕ್ರವಾರ ನಮಾಝಿಗೆ ಬಂದವರಿಗೆಲ್ಲ ಗೊತ್ತು, ಶನಿವಾರ ದಮ್ಮಾಮಿಗೆ ಗೊತ್ತು. ನಮ್ಮ ಅಂಗಳದಲ್ಲಾದರೂ ಹೂಳೋಣವೆಂದರೆ ನೌಶಾದ ಪೂರ್ತಿ ಇಂಟರ್‌ಲಾಕ್ ಹಾಕಿಸಿದ್ದಾನೆ. ಒಂದು ಹಿಡಿ ಮಣ್ಣು ಕಾಣುವುದಿಲ್ಲ.

ಹುಣ್ಣು ದೊಡ್ಡದಾಗುತ್ತಿದೆ. ಮುಟ್ಟಿದರೆ ತಿಳಿಯುತ್ತದೆ. ಹೋದರೂ ಭಯ, ಹೋಗದಿದ್ದರೂ ಭಯ.

ಹಲೀಮಾ

*

ಕಾರ್ಕಳ
೨೭ ಜನವರಿ ೨೦೨೪

ಹಲೀಮಾ,

ಮೊನ್ನೆ ನಾನೇ ಮಣಿಪಾಲಕ್ಕೆ ಹೋದೆ. ಅಂಗಡಿಗೆ ಬೀಗ ಹಾಕಿ, ನಮ್ಮ ಯಜಮಾನ ಉಮಾನಾಥರ ಹತ್ತಿರ ಬ್ಲೌಸಿನ ಗುಂಡಿ ತರಲಿಕ್ಕೆ ಉಂಟೆಂದು ಹೇಳಿ ಹೋದೆ. ನೀನು ಸುಳ್ಳು ಹೇಳುವುದನ್ನು ನನಗೂ ಅಂಟಿಸಿದ್ದಿ.

ನಿನ್ನ ಡಾಕ್ಟರ್ ಕ್ಯಾರಲ್ ಎಂಬವಳು ಸಣ್ಣ ಹುಡುಗಿ, ನಮ್ಮ ಮಗಳು ಮೋಕ್ಷಾಳ ಪ್ರಾಯ. ನಾನು ರೋಗಿಯಲ್ಲ, ರೋಗಿ ಓಡಿಹೋಗಿದ್ದಾಳೆ ಎಂದೆ. ನಗಲಿಲ್ಲ. ನಿನ್ನ ಹೆಸರು ಹೇಳಿದ ಕೂಡಲೇ "ಅವರು ಬರಲೇಬೇಕು, ಎಲ್ಲಿದ್ದಾರೆ?" ಎಂದು ಕೇಳಿದಳು. ಕುತ್ತಿಗೆಗೆ ಇನ್ನೂ ಇಳಿದಿಲ್ಲ, ಆದರೆ ಕಾಯುವ ಹಾಗಿಲ್ಲ ಎಂದಳು.

ತುಂಡಿನ ವಿಷಯ ಕೇಳಿದೆ. ಲ್ಯಾಬಿಗೆ ಕೊಡದೆ ನಡೆಯುವುದಿಲ್ಲ, ಅಂಚಿನವರೆಗೂ ರೋಗ ಉಂಟಾ ಇಲ್ಲವಾ ಎಂದು ನೋಡುವುದು ಅದರಲ್ಲೇ. ಆದರೆ ಅವರ ಕೆಲಸ ಮುಗಿದ ಮೇಲೆ ಉಳಿದದ್ದನ್ನು ಕೊಡುತ್ತಾರೆ. ಆಪರೇಷನಿಗೆ ಮೊದಲೇ ಬರೆದುಕೊಡಬೇಕು, ಅಷ್ಟೇ. ಇದಕ್ಕೆ ಮೊದಲೂ ಕೇಳಿದವರಿದ್ದಾರಂತೆ. ಕೊಡುತ್ತೀರಾ ಎಂದು ನೀನು ಬಾಯಿಬಿಟ್ಟು ಕೇಳಿದ್ದರೆ ಇಷ್ಟು ದಿನ ಉಳಿಯುತ್ತಿತ್ತು.

ಹೊಸ ಕಿವಿ ಹೇಗೆ ಎಂದೂ ಕೇಳಿದೆ. ಕಿವಿಯ ಹಿಂದಿನ ಚರ್ಮವನ್ನು ಬಿಡಿಸಿ ಮುಂದಕ್ಕೆ ತಂದು ಹೊಲಿಯುತ್ತಾರಂತೆ. ಬಟ್ಟೆ ಸಾಲದಿದ್ದರೆ ನಾವು ಒಳಮಡಿಕೆ ಬಿಡಿಸುತ್ತೇವಲ್ಲ, ಹಾಗೆ. ಒಳಗೆ ನೆಟ್ಟಗೆ ನಿಲ್ಲಲು ಎಡಗಿವಿಯ ಗುಳಿಯಿಂದ ಒಂದು ಚೂರು ಮೆದು ಎಲುಬು ತೆಗೆಯುತ್ತಾರಂತೆ. ಅದು ಹೊರಗೆ ಕಾಣುವುದಿಲ್ಲ ಎಂದಳು.

ಇನ್ನು ಮಣ್ಣಿನ ವಿಷಯ. ನಮ್ಮ ಮನೆಯ ಹಿತ್ತಿಲಿನಲ್ಲಿ ಪೇರಳೆ ಮರದ ಆಚೆ ಜಾಗ ಉಂಟು. ಅಲ್ಲಿ ಯಾರೂ ಓಡಾಡುವುದಿಲ್ಲ. ನಾನು ಹೂಳುತ್ತೇನೆ. ಬೇರೆ ಜಾತಿಯವಳು ಹೂತರೆ ಆಗುತ್ತದಾ, ಬೇರೆಯವರ ಜಾಗದಲ್ಲಿ ಆಗುತ್ತದಾ ಎಂದು ತಿಳಿದವರಲ್ಲಿ ಕೇಳು. ಆಗುವುದಾದರೆ ನೀನು ಫೆಬ್ರವರಿ ಹನ್ನೆರಡಕ್ಕೆ ಬರಬೇಕು. ಈ ಸಲ ಟೈಗರ್ ಸರ್ಕಲಿನಲ್ಲಿ ಕಾಯುವುದಿಲ್ಲ. ಕಾಪುವಿಗೇ ಬಂದು ಎಳೆದುಕೊಂಡು ಹೋಗುತ್ತೇನೆ.

ಕುಶಲಾ

*

ಕಾಪು
೫ ಫೆಬ್ರವರಿ ೨೦೨೪

ಕುಶಲಾ,

ಪಳ್ಳಿಯ ಉಸ್ತಾದರ ಹೆಂಡತಿಯ ಹತ್ತಿರ ಹೋಗಿ, ಯಾರೋ ಪರಿಚಯದವರಿಗೆ ಎಂದು ಹೇಳಿ ಕೇಳಿದೆ. ಶುದ್ಧವಾದ ಮಣ್ಣಾದರೆ ಸಾಕು, ಯಾರೂ ತುಳಿಯಬಾರದು, ಪ್ರಾಣಿಗಳು ಕೆದಕದ ಹಾಗೆ ಆಳ ಇರಬೇಕು ಎಂದರು. ಕಾರ್ಕಳದಲ್ಲಿ ಹೂಳಬಹುದಾ ಎಂದೆ. "ಅಲ್ಲಾಹನಿಗೆ ಕಾರ್ಕಳ ಗೊತ್ತಿಲ್ಲವಾ ಹಲೀಮಕ್ಕ?" ಎಂದು ಕೇಳಿದರು. ಎದ್ದು ಬರುವಾಗ ನನ್ನ ಕೈ ಹಿಡಿದು, ನಿಮ್ಮ ಆ ಪರಿಚಯದವರಿಗೆ ದುಆ ಮಾಡುತ್ತೇನೆ ಎಂದರು. ಗೊತ್ತಾಗಿರಬೇಕು. ಯಾರಿಗೂ ಹೇಳಿಲ್ಲ.

ರಾಹಿಲಾಳಿಗೂ ಹೇಳಿದೆ. ಹೇಳುವುದು ಎಂತದು, ಅವಳಿಗೆ ಡಿಸೆಂಬರಿನಿಂದಲೇ ಗೊತ್ತು. ದಿಂಬಿನ ಬಟ್ಟೆ ಒಗೆಯುವವಳು ಅವಳಲ್ಲವಾ? ನೀವೇ ಹೇಳಲಿ ಎಂದು ಕಾದೆ ಮಾಮಿ ಎಂದಳು. ಇಬ್ಬರೂ ಕೂತು ಅತ್ತೆವು. ಹೊಟ್ಟೆಯೊಳಗಿನದು ಒದೆಯುತ್ತಾ ಉಂಟು ನೋಡಿ ಎಂದು ನನ್ನ ಕೈ ಇಟ್ಟುಕೊಂಡಳು. ನೌಶಾದನಿಗೆ ಆಪರೇಷನ್ ಆದ ಮೇಲೆ ಹೇಳುವುದು ಎಂದು ಮಾತಾಗಿದೆ.

ಹನ್ನೆರಡಕ್ಕೆ ಬರುತ್ತೇನೆ. ಬಂದು ಎಳೆದುಕೊಂಡು ಹೋಗು ಎಂದೇ ಹೇಳುತ್ತೇನೆ, ನನ್ನ ಕಾಲನ್ನು ನನಗೇ ನಂಬಲಿಕ್ಕಾಗುವುದಿಲ್ಲ. ಬಿಳಿ ಬಟ್ಟೆ ಕಳುಹಿಸಿದ್ದೇನೆ. ಹೊಸತು, ಒಗೆದಿಟ್ಟದ್ದು. ಆಪರೇಷನಿಗೆ ಅಮಲಿನ ಔಷಧಿ ಕೊಟ್ಟ ಮೇಲೆ ನಾನು ಏಳದಿದ್ದರೆ ರಾಹಿಲಾಳ ಹೆರಿಗೆಗೆ ನೀನು ಬರಬೇಕು. ಅವಳಿಗೆ ತಾಯಿ ಇಲ್ಲ.

ಹಲೀಮಾ

*

ಕಾಪು
೨೪ ಫೆಬ್ರವರಿ ೨೦೨೪

ಕುಶಲಾ,

ಆಪರೇಷನ್ ಆಗಿ ನನ್ನನ್ನು ಮನೆಗೆ ಬಿಟ್ಟು ನೀನು ಹೋದ ಮೇಲೆ ಎರಡು ದಿನ ಧೈರ್ಯ ಇತ್ತು. ಇವತ್ತು ಇಲ್ಲ.

ಲ್ಯಾಬಿನ ಕಾಗದ ಬಂತು. ಹಿಂದಿನ ಅಂಚಿನಲ್ಲಿ ಇನ್ನೂ ಉಂಟಂತೆ. ಮಂಗಳವಾರ ಪುನಃ ಕತ್ತರಿಸುತ್ತಾರೆ. ಪೂರ್ತಿ ಹೋದದ್ದು ಖಾತ್ರಿಯಾಗದೆ ಕಿವಿ ಕಟ್ಟುವ ಮಾತೇ ಇಲ್ಲ ಎಂದು ಡಾಕ್ಟರ್ ಹೇಳಿದರು. ಎಷ್ಟು ಸಲ ಎಂದು ಕೇಳಿದೆ. ಶುದ್ಧವಾಗುವ ತನಕ ಎಂದರು. ಹಾಗಾದರೆ ಕಿವಿ ಮುಗಿದ ಮೇಲೆ ಕೆನ್ನೆಯಾ, ಕೆನ್ನೆ ಮುಗಿದ ಮೇಲೆ ಕಣ್ಣಾ?

ನೌಶಾದನಿಗೆ ಹೇಳಿದೆವು. ವಿಡಿಯೊದಲ್ಲಿ ಮಾತಾಡುತ್ತಿದ್ದವನು ಫೋನನ್ನು ಮೇಜಿನ ಮೇಲೆ ಇಟ್ಟುಬಿಟ್ಟ. ಫ್ಯಾನು ಮಾತ್ರ ಕಾಣುತ್ತಿತ್ತು. ಅವನು ಅಳುವುದು ಕೇಳುತ್ತಿತ್ತು.

ಕನ್ನಡಿಯನ್ನು ಗೋಡೆಗೆ ತಿರುಗಿಸಿ ಇಟ್ಟಿದ್ದೇನೆ. ಎರಡನೆಯ ಸಲದ ಫಲಿತಾಂಶ ಕೇಳಲು ನಾನು ಹೋಗುವುದಿಲ್ಲ. ನೀನು ಹೋಗು. ಕೇಳಿ ನೀನೇ ಹೇಳು. ಸುಳ್ಳು ಹೇಳಿದರೆ ನನಗೆ ಗೊತ್ತಾಗುತ್ತದೆ.

ಹಲೀಮಾ

*

ಕಾರ್ಕಳ
೧೦ ಮಾರ್ಚ್ ೨೦೨೪

ಹಲೀಮಾ,

ಫೋನಿನಲ್ಲಿ ಹೇಳಿದ್ದನ್ನು ನೀನು ನಂಬಲಿಲ್ಲ, ಅದಕ್ಕೆ ಬರೆದು ಕೊಡುತ್ತೇನೆ. ಎಲ್ಲ ಅಂಚೂ ಶುದ್ಧ. ಹಿಂದೆಯೂ ಶುದ್ಧ, ಅಡಿಯೂ ಶುದ್ಧ. ಡಾಕ್ಟರ್ ಕ್ಯಾರಲ್ ನನ್ನೆದುರಿಗೆ ಓದಿದಳು, ನಾನು ಎರಡು ಸಲ ಓದಿಸಿದೆ.

ಲ್ಯಾಬಿನವರು ನಿನ್ನದನ್ನು ಕೊಟ್ಟರು, ಎರಡು ಸಣ್ಣ ಡಬ್ಬಿ. ಕೈಗೆ ಗ್ಲೌಸು ಹಾಕಿಕೊಂಡೇ ತೆಗೆಯಿರಿ, ಔಷಧಿಯ ನೀರು ಕಣ್ಣಿಗೆ ಉರಿಯುತ್ತದೆ ಎಂದು ಎಚ್ಚರಿಸಿದರು. ಬಸ್ಸಿನಲ್ಲಿ ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡೆ. "ಮೇಲಿಡಿ ಅಕ್ಕ, ಜಾಗ ಇಲ್ಲ" ಎಂದು ಕಂಡಕ್ಟರ್ ಕೈ ಹಾಕಿದ. ಮುಟ್ಟಬೇಡ ಎಂದು ಕಿರುಚಿದ್ದಕ್ಕೆ ಬಸ್ಸೆಲ್ಲ ತಿರುಗಿ ನೋಡಿತು. ಹಿರಿಯಡ್ಕ ದಾಟುವ ತನಕ ಚೀಲವನ್ನು ಎರಡೂ ಕೈಯಲ್ಲಿ ಅಪ್ಪಿ ಹಿಡಿದಿದ್ದೆ. ನಾನು ಧೈರ್ಯದವಳೆಂದು ನೀನು ತಿಳಿದಿದ್ದಿ. ಅಲ್ಲ. ನಮ್ಮಲ್ಲಿ ಸುಡುವುದು, ಇಂಥ ಕೆಲಸಕ್ಕೆಲ್ಲ ಗಂಡಸರೇ ಹೋಗುವುದು. ನಾನು ಹೆಣದ ಕೆಲಸದ ಹತ್ತಿರ ಎಂದೂ ನಿಂತವಳಲ್ಲ.

ನೀನು ಹೇಳಿದ ಹಾಗೆಯೇ ಮಾಡಿದೆ. ನೀರು ಹಾಕಿ ತೊಳೆದು ಬಿಳಿ ಬಟ್ಟೆಯಲ್ಲಿ ಸುತ್ತಿದೆ. ಇಷ್ಟು ಸಣ್ಣದು, ಹಲೀಮಾ. ಇಷ್ಟಕ್ಕೆ ಇಷ್ಟು ದೊಡ್ಡ ರಗಳೆ. ಅಂಚಿನಲ್ಲಿ ಆ ಚುಚ್ಚಿದ ತೂತುಗಳು ಕಾಣುತ್ತಿದ್ದವು, ಅದನ್ನು ನೋಡಿದ ಮೇಲೆ ನನಗೆ ತಡೆಯಲಿಕ್ಕಾಗಲಿಲ್ಲ. ಪಿಕ್ಕಾಸಿನಲ್ಲಿ ಆಳಕ್ಕೆ ಅಗೆದೆ. ಮೇಲೆ ಒಂದು ಕಲ್ಲು ಹೇರಿದೆ.

ಒಂದು ತಪ್ಪು ಮಾಡಿದ್ದೇನೆ. ಸಂಜೆ ತುಳಸಿಗೆ ದೀಪ ಇಡುವಾಗ, ಕೈ ತನ್ನಷ್ಟಕ್ಕೆ ಇನ್ನೊಂದು ಹಣತೆ ಹಚ್ಚಿ ಅಲ್ಲಿಗೂ ಇಟ್ಟಿತು. ಒಂದು ದಾಸವಾಳವನ್ನೂ ಇಟ್ಟಿತು. ಇಟ್ಟ ಮೇಲೆ ನಿಮ್ಮಲ್ಲಿ ಆಗುವುದಿಲ್ಲವೇನೋ ಎಂದು ನೆನಪಾಗಿ ಓಡಿ ತೆಗೆದೆ. ದೋಷವಾಯಿತಾ? ಉಮಾನಾಥರು ನೋಡಿ ಎಂತ ಹೂತದ್ದು ಎಂದು ಕೇಳಿದರು. ಬೆಕ್ಕಿನ ಮರಿ ಎಂದೆ. ಯಾವ ಮರಿ, ಬಿಳಿಯದಾ ಎಂದು ಪಾಪ ಬೇಸರ ಮಾಡಿಕೊಂಡು ಊಟ ಬಿಟ್ಟರು.

ನಾಡಿದ್ದಿನಿಂದ ನಿಮಗೆ ಉಪವಾಸ ಶುರುವಾಗುತ್ತದೆಯಲ್ಲ. ಗಾಯ ಇರುವವಳು ಹಿಡಿಯಬೇಡ. ಔಷಧಿ ಬಿಡಬೇಡ.

ಕುಶಲಾ

*

ಕಾಪು
೨ ಮೇ ೨೦೨೪

ಕುಶಲಾ,

ಬೆಕ್ಕಿನ ಮರಿಯ ಕಥೆಗೆ ನಾನು ನಕ್ಕದ್ದನ್ನು ಫೋನಿನಲ್ಲಿ ಕೇಳಿದ್ದಿ. ಈಗ ನಗುವಂತಿಲ್ಲ, ನಕ್ಕರೆ ಎಳೆಯುತ್ತದೆ. ಪೆರ್ನಾಲ್ ಹಬ್ಬ ಕಳೆದ ಮೇಲೆ ಆಪರೇಷನ್ ಆಯಿತು. ಎಡಗಿವಿಯಿಂದ ತೆಗೆದದ್ದನ್ನು ಬಲಕ್ಕೆ ಇಟ್ಟು, ತಲೆಯ ಚರ್ಮಕ್ಕೆ ಸೇರಿಸಿ ಹೊಲಿದುಬಿಟ್ಟಿದ್ದಾರೆ. ಮೂರು ವಾರ ಕಿವಿ ತಲೆಗೆ ಅಂಟಿಕೊಂಡೇ ಇರಬೇಕು, ತಲೆಯ ರಕ್ತ ಕುಡಿದು ಬದುಕಬೇಕು. ಆಮೇಲೆ ಬಿಡಿಸುತ್ತಾರೆ.

ಬಣ್ಣ ಕಪ್ಪಾದರೆ ಕೂಡಲೇ ಬನ್ನಿ ಎಂದು ಹೇಳಿ ಕಳುಹಿಸಿದ್ದಾರೆ. ಕಪ್ಪಾದರೆ ಸತ್ತಿತೆಂದು ಅರ್ಥ. ಆ ಮಾತು ಕೇಳಿದ ಮೇಲೆ ನಿದ್ದೆ ಇಲ್ಲ. ಒಳ್ಳೆಯ ಕಿವಿಯಿಂದಲೂ ಕಿತ್ತದ್ದಾಯಿತು, ಇದೂ ಸತ್ತರೆ ಇನ್ನೆಲ್ಲಿಂದ ತರುವುದು? ನಾನು ನೋಡುವುದಿಲ್ಲವಲ್ಲ, ರಾಹಿಲಾ ತುಂಬಿದ ಹೊಟ್ಟೆಯಲ್ಲಿ ನನ್ನ ಹಿಂದೆ ನಿಂತು ಮೊಬೈಲಿನ ಬೆಳಕು ಬಿಟ್ಟು ನೋಡುತ್ತಾಳೆ. "ಕೆಂಪೇ ಉಂಟು ಮಾಮಿ" ಎನ್ನುತ್ತಾಳೆ. ಅವಳು ಒಂದು ಗಳಿಗೆ ತಡಮಾಡಿ ಹೇಳಿದರೂ ಇನ್ನೊಂದು ಸಲ ನೋಡು ಎನ್ನುತ್ತೇನೆ.

ಹದಿನಾಲ್ಕಕ್ಕೆ ಬಿಡಿಸುತ್ತಾರೆ. ನೀನು ಬಂದು ನೋಡಿ, ಹೇಗೆ ಉಂಟು ಎಂದು ನಿಜ ಹೇಳಬೇಕು. ಎದುರಿಗೆ ಹೇಳಬೇಡ. ಬರೆದು ಕಳುಹಿಸು.

ಹಲೀಮಾ

*

ಕಾರ್ಕಳ
೨೦ ಮೇ ೨೦೨೪

ಹಲೀಮಾ,

ಗಂಡು ಮಗು, ತಾಯಿ ಮಗು ಚೆನ್ನಾಗಿದ್ದಾರೆ ಎಂದು ನೌಶಾದನೇ ದಮ್ಮಾಮಿನಿಂದ ನನಗೆ ಫೋನು ಮಾಡಿದ. ಅತ್ತೆಯ ಹೊಲಿಗೆ ಬಿಚ್ಚಿದ ಮೂರನೆಯ ದಿನಕ್ಕೆ ಸೊಸೆಯ ಹೆರಿಗೆ. ಶಫೀಕ್ ಎಂಬ ಹೆಸರು ಚೆನ್ನಾಗಿದೆ.

ನೀನು ಕೇಳಿದ್ದಕ್ಕೆ ಉತ್ತರ. ಕಿವಿ ಕಿವಿಯ ಹಾಗೆ ಉಂಟು. ದೂರದಿಂದ ಯಾರಿಗೂ ತಿಳಿಯುವುದಿಲ್ಲ. ಹತ್ತಿರದಿಂದ ನೋಡಿದರೆ ಮೇಲಿನ ಅಂಚು ದಪ್ಪ, ಎಡದ್ದಕ್ಕಿಂತ ಚಿಕ್ಕದು, ಬಣ್ಣವೂ ಸ್ವಲ್ಪ ಬೇರೆ. ಹೊಲಿಗೆ ಕಲಿಯುವ ಹುಡುಗಿ ಇಟ್ಟ ಕುತ್ತಿಗೆಪಟ್ಟಿಯ ಹಾಗೆ, ಚಂದ ಇಲ್ಲ, ಗಟ್ಟಿ ಉಂಟು. ಇದು ನಿಜ. ಇದಕ್ಕಿಂತ ಒಳ್ಳೆಯ ಮಾತು ಬೇಕಾದರೆ ಬೇರೆಯವರನ್ನು ಕೇಳು.

ಕನ್ನಡಿಯನ್ನು ಇತ್ತ ತಿರುಗಿಸು. ಆ ಮಗುವಿನ ಎದುರು ಮುಖ ಮುಚ್ಚಿಕೊಂಡು ಎಷ್ಟು ದಿನ ಇರುತ್ತಿ?

ಕುಶಲಾ

*

ಕಾಪು
೧೭ ನವೆಂಬರ್ ೨೦೨೪

ಕುಶಲಾ,

ಮೊನ್ನೆ ಮಣಿಪಾಲದಲ್ಲಿ ತಪಾಸಣೆ ಇತ್ತು. ಡಾಕ್ಟರ್ ಕ್ಯಾರಲ್ ಕುತ್ತಿಗೆಯನ್ನು ಒತ್ತಿ ಒತ್ತಿ ನೋಡುವಾಗ ಅವರ ಬೆರಳು ಒಂದು ಕಡೆ ನಿಂತಿತು, ಎಂತ ಸಿಕ್ಕಿತು ಎಂದು ಕೇಳಿದೆ. ಏನೂ ಇಲ್ಲ ಎಂದರು. ಮೂರು ತಿಂಗಳು ಬಿಟ್ಟು ಪುನಃ ಹೋಗಬೇಕು. ಹೀಗೆ ಕೆಲವು ವರ್ಷ. ಭಯ ಪೂರ್ತಿ ಹೋಗುವುದಿಲ್ಲವೆಂದು ಅವರಿಗೂ ಗೊತ್ತು, ಅದಕ್ಕೆ ಔಷಧಿ ಬರೆಯಲಿಲ್ಲ.

ಕನ್ನಡಿ ತಿರುಗಿಸಿದ್ದೇನೆ. ನೀನು ಬರೆದ ಹಾಗೆಯೇ ಉಂಟು. ಆದರೆ ನಿನಗೆ ಹೇಳದ ಒಂದು ವಿಷಯ ಇತ್ತು. ಆ ಹೊಸ ಅರ್ಧಕ್ಕೆ ಏನೂ ಗೊತ್ತಾಗುತ್ತಿರಲಿಲ್ಲ. ಬಿಸಿ ಇಲ್ಲ, ತಂಪು ಇಲ್ಲ. ಬಾಚಣಿಗೆ ತಾಗಿದರೆ ಶಬ್ದ ಮಾತ್ರ. ಯಾರದೋ ಕಿವಿಯನ್ನು ನನ್ನ ತಲೆಗೆ ಹಚ್ಚಿದ್ದಾರೆ, ಒಂದು ದಿನ ಕೈಗೆ ಬಂದುಬಿಡುತ್ತದೆ ಎಂದು ಅನಿಸುತ್ತಿತ್ತು. ಅದಕ್ಕೇ ಮಗುವನ್ನು ಯಾವಾಗಲೂ ಎಡ ಹೆಗಲಿಗೇ ಹಾಕಿಕೊಳ್ಳುತ್ತಿದ್ದೆ. ರಾಹಿಲಾಳಿಗೂ ಹೇಳಿರಲಿಲ್ಲ.

ನಿನ್ನೆ ಅವಳು ಸ್ನಾನಕ್ಕೆ ಹೋಗಿದ್ದಳು. ಶಫೀಕ್ ತೊಟ್ಟಿಲಿನಲ್ಲಿ ಬೊಬ್ಬೆ ಹಾಕಿದ. ಎಡಗೈಯಲ್ಲಿ ಅವನ ಹಾಲಿನ ಬಾಟಲಿ ಇತ್ತು, ಎತ್ತುವ ಗಡಿಬಿಡಿಯಲ್ಲಿ ಬಲ ಹೆಗಲಿಗೆ ಹಾಕಿಕೊಂಡೆ. ಅವನು ಸುಮ್ಮನಾದ. ಆಮೇಲೆ ನನ್ನ ತಲೆಬಟ್ಟೆಯ ಒಳಗೆ ಕೈ ಹಾಕಿ, ಆ ಕಿವಿಯನ್ನು ಮುಷ್ಟಿಯಲ್ಲಿ ಹಿಡಿದು ಎಳೆದ. ಆರು ತಿಂಗಳ ಮಕ್ಕಳ ಹಿಡಿತ ನಿನಗೆ ಗೊತ್ತುಂಟಲ್ಲ.

ನಾನು ಕಿರುಚಿದ್ದು ಪಕ್ಕದ ಮನೆಗೂ ಕೇಳಿರಬೇಕು. ರಾಹಿಲಾ ಒದ್ದೆ ತಲೆಯಲ್ಲೇ ಓಡಿ ಬಂದಳು.

"ಎಂತಾಯಿತು ಮಾಮಿ, ಹರಿಯಿತಾ?"

"ಇಲ್ಲ" ಎಂದೆ. "ನೋವಾಗುತ್ತಾ ಉಂಟು."

ಅವಳು ಮಗುವಿನ ಬೆರಳು ಬಿಡಿಸಲು ಬಂದಳು. ನಾನು ಅವಳ ಕೈ ಹಿಡಿದು, ಬಿಡಿಸಬೇಡ, ಅವನು ಇನ್ನೊಂದು ಸಲ ಎಳೆಯಲಿ ಎಂದೆ.

ನಿನ್ನ
ಹಲೀಮಾ